ಡಿಸೈನ್ ಅಂತ ಸೇರಿದೆ, ದಿನವೂ ಟೆಸ್ಟಿಂಗ್. ಬಿಟ್ಟುಬಿಡಲಾ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಬೆಂಗಳೂರಿನ ಒಂದು ಆಟೋಮೋಟಿವ್ ಕಂಪನಿಯಲ್ಲಿ ಇಂಟರ್ನ್ ಆಗಿ ಸೇರಿ ಎರಡು ತಿಂಗಳಾಯಿತು. ಕಾರಿನ ಇಸಿಯು (ಎಂಜಿನ್, ಬ್ರೇಕ್ ಮುಂತಾದವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಡಿಸೈನ್ ಮಾಡಬಹುದು ಅಂದುಕೊಂಡು ಬಂದೆ. ಇಲ್ಲಿ ದಿನವೂ ಟೆಸ್ಟ್ ಕೇಸ್ ಓಡಿಸೋದು, ಎಕ್ಸೆಲ್‌ನಲ್ಲಿ ಪಾಸ್-ಫೇಲ್ ತುಂಬೋದು ಅಷ್ಟೇ. ಇದರಿಂದ ಏನಾದರೂ ಕಲಿಯೋಕೆ ಆಗುತ್ತಾ? ಬಿಟ್ಟು ಬೇರೆ ಕಡೆ ನೋಡಲಾ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಮೆಕ್ಯಾನಿಕಲ್‌ನವರು "ಮೂರು ತಿಂಗಳಿಂದ ಬರೀ ಮೆಶಿಂಗ್" (ಲೆಕ್ಕಕ್ಕಾಗಿ ಕಂಪ್ಯೂಟರಿನಲ್ಲಿ ಮಾಡೆಲನ್ನು ಸಣ್ಣ ಸಣ್ಣ ತುಂಡು ಮಾಡೋದು) ಅನ್ನುತ್ತಾರೆ. ಡಿಪ್ಲೊಮಾ ಮುಗಿಸಿದವರು "ಬೆಳಿಗ್ಗೆಯಿಂದ ಸಂಜೆವರೆಗೆ ವರ್ನಿಯರ್ ಹಿಡಿದು ಅಳತೆ ಬರೆಯೋದೇ ಆಯ್ತು" ಅನ್ನುತ್ತಾರೆ. ಎಲ್ಲರ ದೂರೂ ಒಂದೇ. ಓದಿದ್ದು ಎಂಜಿನಿಯರಿಂಗ್, ಮಾಡ್ತಿರೋದು ಗುಮಾಸ್ತನ ಕೆಲಸ.

ಸದ್ಯಕ್ಕೆ ಬಿಡಬೇಡಿ. ಹಾಗಂತ ಹೇಳಿದ್ದು ಮಾಡಿಕೊಂಡು ಸುಮ್ನೆ ಕೂತಿರಿ ಅಂತಲೂ ನಾನು ಹೇಳುವುದಿಲ್ಲ.

ನನ್ನದೂ ಶುರುವಾಗಿದ್ದು ಟೆಸ್ಟ್ ಬೆಂಚ್‌ನಲ್ಲೇ. ಕಂಪನಿಯ ಹೆಸರು ಬೇಡ. ಸೇರಿ ಎರಡನೇ ವಾರ ಇರಬೇಕು. ಬೆಂಚ್ ಮೇಲೆ ಎರಡು ಇಸಿಯು, ಒಂದು ಪವರ್ ಸಪ್ಲೈ, ಉದ್ದನೆಯ ಹಾರ್ನೆಸ್ (ವಯರ್ ಕಟ್ಟು), ಲ್ಯಾಪ್‌ಟಾಪ್. ಸ್ಕ್ರೀನ್ ತುಂಬ ಸಂದೇಶ ಕೆಟ್ಟಿದೆ ಅನ್ನುವ ಎರರ್ ಫ್ರೇಮ್‌ಗಳು. ಸಾಫ್ಟ್‌ವೇರ್‌ದೇ ತಪ್ಪು ಅಂತ ಅದನ್ನು ಇಸಿಯುಗೆ ಮತ್ತೆ ಮತ್ತೆ ತುಂಬಿದೆ (ಫ್ಲ್ಯಾಶ್ ಮಾಡಿದೆ). ಕೇಬಲ್ ಬದಲಾಯಿಸಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಅರ್ಧ ದಿನ ಹೋಯಿತು. ಪಕ್ಕದ ಬೆಂಚಿನಲ್ಲಿ ಒಬ್ಬರಿದ್ದರು. ಡಿಪ್ಲೊಮಾ ಮಾಡಿ ಇಪ್ಪತ್ತು ವರ್ಷ ಲ್ಯಾಬ್‌ನಲ್ಲೇ ಕಳೆದವರು. ನನ್ನ ಒದ್ದಾಟ ನೋಡಿ ನೋಡಿ ಸಾಕಾಗಿ, "ಪವರ್ ಆಫ್ ಮಾಡಿ ಓಮ್ಸ್ ನೋಡಮ್ಮ" ಅಂದರು. ಮೀಟರ್ 120 ತೋರಿಸಿತು. "ಒಂದು ತುದಿ ಬಿಟ್ಟಿದ್ದೀಯ" ಅಂತ ಹೇಳಿ ಟೀ ಕುಡಿಯೋಕೆ ಹೊರಟುಹೋದರು.

ವಿಷಯ ಇಷ್ಟೇ. ಕಾರಿನೊಳಗೆ ಇಸಿಯುಗಳು ಒಂದರ ಜೊತೆ ಇನ್ನೊಂದು ಮಾತಾಡುವುದು ಕ್ಯಾನ್ ಬಸ್ ಮೇಲೆ. ಅದು ಒಂದಕ್ಕೊಂದು ಹೆಣೆದ ಎರಡು ವಯರ್. ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರಬೇಕು. ಇಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರುತ್ತದೆ, ಬಾವಿಯೊಳಗೆ ಬಗ್ಗಿ ಕೂಗಿದ ಹಾಗೆ. ಎರಡು ರೆಸಿಸ್ಟರ್ ಪ್ಯಾರಲಲ್ ಆಗಿರುವುದರಿಂದ ಮೀಟರ್‌ನಲ್ಲಿ 60 ಬರಬೇಕು. 120 ಬಂತು ಅಂದರೆ ಒಂದು ಕಾಣೆಯಾಗಿದೆ.

ಪ್ಯಾರಲಲ್ ರೆಸಿಸ್ಟರ್ ಲೆಕ್ಕ ನಾನು ಪಿಯುಸಿಯಲ್ಲೇ ಮಾಡಿದ್ದೆ. ಅದಕ್ಕೆ ಮಾರ್ಕ್ಸೂ ಬಂದಿತ್ತು. ಆದರೆ ಆ ದಿನ ಮೀಟರ್ ಕೈಗೆತ್ತಿಕೊಳ್ಳಬೇಕು ಅಂತ ಹೊಳೆಯಲೇ ಇಲ್ಲ.

(ಕ್ಯಾನ್ ಬಸ್ ಮಾಡಿದ್ದು ಜರ್ಮನಿಯ ಬಾಷ್. 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಅದನ್ನು ಎಂಜಿನಿಯರುಗಳ ಮುಂದಿಟ್ಟಿತು. ಬೆಂಗಳೂರಿನ ಹಿರಿಯರಿಗೆ ಬಾಷ್ ಅಂದರೆ ಆಡುಗೋಡಿಯ ಮೈಕೋ. 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಬಡಾವಣೆ ಮಾತ್ರ ಜನರ ಬಾಯಲ್ಲಿ ಇವತ್ತಿಗೂ ಮೈಕೋ ಲೇಔಟೇ.)

ನಿಮ್ಮ ಎಕ್ಸೆಲ್ ಶೀಟಿಗೆ ಬರೋಣ. ಅದರಲ್ಲಿ ಇಂಥದ್ದೊಂದು ಸಾಲು ಖಂಡಿತ ಇರುತ್ತದೆ: ಪೆಡಲ್ ಸೆನ್ಸರ್‌ಗೆ 0.2 ವೋಲ್ಟ್ ಕೊಡಿ, ಫಾಲ್ಟ್ ಬರುತ್ತದಾ ನೋಡಿ. ಮುಂದಿನ ಸಾಲು: 4.8 ಕೊಡಿ, ಫಾಲ್ಟ್ ಬರುತ್ತದಾ ನೋಡಿ. ನೀವು ಕೊಡುತ್ತೀರಿ, ಬರುತ್ತದೆ, ಪಾಸ್ ಅಂತ ತುಂಬುತ್ತೀರಿ. ಬೇಸರ ಬರೋದು ಸಹಜ. ಆದರೆ ಸೆನ್ಸರ್‌ಗೆ ಕೊಡೋದು 5 ವೋಲ್ಟ್ ಸಪ್ಲೈ ಅಲ್ವಾ? ಹಾಗಿದ್ದ ಮೇಲೆ 0ಯಿಂದ 5ರವರೆಗೆ ಪೂರ್ತಿ ಬಳಸಬಹುದಿತ್ತು. ಅದನ್ನು ಬಿಟ್ಟು ಸುಮಾರು 0.5ರಿಂದ 4.5ರ ನಡುವೆಯೇ ಯಾಕೆ ಬಳಸುತ್ತಾರೆ?

ಯಾಕೆಂದರೆ ವಯರ್ ಗ್ರೌಂಡ್‌ಗೆ ತಾಗಿದರೆ 0 ಬರುತ್ತದೆ. ಸಪ್ಲೈಗೆ ತಾಗಿದರೆ 5 ಬರುತ್ತದೆ. "ಚಾಲಕ ಪೆಡಲ್‌ನಿಂದ ಕಾಲು ತೆಗೆದಿದ್ದಾನೆ" ಅನ್ನೋದಕ್ಕೂ 0, "ವಯರ್ ಶಾರ್ಟ್ ಆಗಿದೆ" ಅನ್ನೋದಕ್ಕೂ 0 ಅಂತಾದರೆ ಇಸಿಯುಗೆ ವ್ಯತ್ಯಾಸ ಹೇಗೆ ತಿಳಿಯಬೇಕು? ಅದಕ್ಕೇ ಎರಡೂ ಅಂಚಿನಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟಿರುತ್ತಾರೆ. ಹೊಲದ ಬದುವಿನ ಹಾಗೆ. ಅಲ್ಲಿ ಏನೂ ಬೆಳೆಯಬಾರದು, ಬೆಳೆದರೆ ಏನೋ ತಪ್ಪಾಗಿದೆ ಅಂತ ಅರ್ಥ.

ಇದು ಡಿಸೈನ್ ಪಾಠವೇ. ಡಿಸೈನ್ ಮಾಡಿದವರು ಏನಕ್ಕೆ ಹೆದರಿದ್ದರು ಅನ್ನೋದು ಟೆಸ್ಟ್ ಶೀಟಿನಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಸೆಲ್ಫ್ ಹೊಡೆದಾಗ ಬ್ಯಾಟರಿ ವೋಲ್ಟೇಜ್ ಕುಸಿಯುವ ಟೆಸ್ಟ್ ಇದೆಯಾ? ಚಳಿಗಾಲದ ಬೆಳಿಗ್ಗೆ ಸ್ಟಾರ್ಟರ್ ತಿರುಗುವಾಗ 12 ವೋಲ್ಟ್ ಅರ್ಧಕ್ಕೆ ಇಳಿದುಬಿಡಬಹುದು, ಆಗ ಇಸಿಯು ತಲೆಕೆಟ್ಟು ಎದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಂಥ ಭಯಗಳ ಪಟ್ಟಿಯನ್ನು ಕಂಪನಿ ನಿಮಗೆ ದಿನಾ ಓದೋಕೆ ಕೊಡುತ್ತಿದೆ. ಕಾಲೇಜಿನ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ನಾನು ಇದನ್ನು ಈ ರೂಪದಲ್ಲಿ ನೋಡಲಿಲ್ಲ.

ಹೊಸಬರನ್ನು ಟೆಸ್ಟಿಂಗ್‌ಗೇ ಹಾಕೋದು ಯಾಕೆ ಅಂತಲೂ ಕೇಳಬಹುದು. ಒಂದು ಕಾರಣ ಸೀದಾ: ತಪ್ಪಾದರೆ ನಷ್ಟ ಕಮ್ಮಿ. ಟೆಸ್ಟ್ ತಪ್ಪಿದರೆ ಇನ್ನೊಮ್ಮೆ ಓಡಿಸಬಹುದು, ಡಿಸೈನ್ ತಪ್ಪಿದರೆ ಅದು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಜೊತೆಗೆ ಕಾರಿನ ಸಾಫ್ಟ್‌ವೇರ್‌ನಲ್ಲಿ ಅದು ಏನು ಮಾಡಬೇಕು ಅನ್ನೋ ಒಂದೊಂದು ರಿಕ್ವೈರ್ಮೆಂಟ್‌ಗೂ ಟೆಸ್ಟ್ ಇರಲೇಬೇಕು, ಅದರ ದಾಖಲೆಯೂ ಇರಬೇಕು. ಸುರಕ್ಷತೆಯ ಐಎಸ್ಓ 26262 ಅನ್ನೋ ಮಾನದಂಡ 2011ರಲ್ಲಿ ಬಂದ ಮೇಲಂತೂ ಅದು ಇನ್ನೂ ಬಿಗಿಯಾಯಿತು. ಹಾಗಾಗಿ ಟೆಸ್ಟಿಂಗ್‌ನಲ್ಲಿ ಯಾವಾಗಲೂ ಜನ ಬೇಕು.

ಐಟಿಐ ಫಿಟರ್ ಮಾಡಿದವರನ್ನು ಕೇಳಿ ನೋಡಿ. ಶುರುವಿನಲ್ಲಿ ಅರ ಹಿಡಿದು ಕಬ್ಬಿಣದ ತುಂಡು ಉಜ್ಜೋದೇ ಕೆಲಸ. ಉಜ್ಜೋದು, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯೋದು, ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜೋದು. ಅಂಗೈಯಲ್ಲಿ ಗುಳ್ಳೆ ಬರುತ್ತದೆ. ನಿಮಗೆ ಎಕ್ಸೆಲ್‌ನಿಂದ ಗುಳ್ಳೆ ಬಂದಿಲ್ಲ ತಾನೇ!

ಹಾಗಂತ ಎಲ್ಲ ಟೆಸ್ಟಿಂಗೂ ಒಳ್ಳೆಯದೇ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವು ಕಡೆ ನಿಜವಾಗಿಯೂ ಬಟನ್ ಒತ್ತಿಸುತ್ತಾರೆ, ಅಷ್ಟೇ. ಪತ್ತೆ ಹಚ್ಚೋಕೆ ನಾನು ಬಳಸುವ ಅಳತೆ ಒಂದೇ: ಟೆಸ್ಟ್ ಫೇಲ್ ಆದಾಗ ಏನಾಗುತ್ತದೆ? "ಯಾಕೆ ಫೇಲ್ ಆಯ್ತು ನೋಡು" ಅಂತ ಯಾರಾದರೂ ಹೇಳುತ್ತಾರಾ, ನೋಡೋಕೆ ಲಾಗ್ (ಟೆಸ್ಟ್ ನಡೆದಾಗಿನ ದಾಖಲೆ) ಸಿಗುತ್ತದಾ, ರಿಕ್ವೈರ್ಮೆಂಟ್ ಡಾಕ್ಯುಮೆಂಟ್ ತೆರೆಯೋಕೆ ಆಕ್ಸೆಸ್ ಇದೆಯಾ? ಇದ್ದರೆ ನೀವಿರೋ ಜಾಗ ಚೆನ್ನಾಗಿದೆ. "ಫೇಲ್ ಅಂತ ತುಂಬಿ ಮುಂದಿನದಕ್ಕೆ ಹೋಗು, ಪ್ರಶ್ನೆ ಬೇಡ" ಅಂತ ಎರಡು ಮೂರು ಸಲ ಕೇಳಿದ ಮೇಲೂ ಅನ್ನುತ್ತಿದ್ದರೆ, ಇಂಟರ್ನ್‌ಶಿಪ್ ಅವಧಿ ಮುಗಿಸಿ ಸರ್ಟಿಫಿಕೇಟ್ ತಗೊಂಡು ಬೇರೆ ದಾರಿ ನೋಡಿ. ನಡುವೆ ಬಿಟ್ಟರೆ ಕಾಲೇಜಿನಲ್ಲಿ ಕಷ್ಟ. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷದ ಇಂಟರ್ನ್‌ಶಿಪ್ 14ರಿಂದ 20 ವಾರ. ಹೆಚ್ಚುಕಡಿಮೆ ಒಂದು ಸೆಮಿಸ್ಟರ್. ಅದನ್ನು ಮತ್ತೆ ಮೊದಲಿಂದ ಶುರು ಮಾಡೋದು ಆಟದ ಮಾತಲ್ಲ.

ಒಳ್ಳೆಯ ಜಾಗದಲ್ಲೇ ಇದ್ದೀರಿ ಅಂತಿಟ್ಟುಕೊಳ್ಳಿ. ಡಿಫೆಕ್ಟ್, ಅಂದರೆ ಕಂಡ ದೋಷದ ವರದಿ, ಬರೆಯೋದನ್ನು ಸ್ವಲ್ಪ ಮನಸ್ಸಿಟ್ಟು ಮಾಡಿ. "ಕೆಲಸ ಮಾಡ್ತಿಲ್ಲ" ಅಂತ ಬರೆದರೆ ಡೆವಲಪರ್ ತಿರುಗಿಯೂ ನೋಡುವುದಿಲ್ಲ. ಎಷ್ಟು ವೋಲ್ಟ್‌ಗೆ, ಯಾವ ಸಾಫ್ಟ್‌ವೇರ್ ವರ್ಷನ್‌ಗೆ, ಹತ್ತು ಸಲದಲ್ಲಿ ಎಷ್ಟು ಸಲ, ಲಾಗ್‌ನಲ್ಲಿ ಯಾವ ಸೆಕೆಂಡಿಗೆ ಅಂತ ಬರೆದು ನೋಡಿ. ಆಗ ಆತನೇ ಎದ್ದು ನಿಮ್ಮ ಬೆಂಚ್ ಹತ್ತಿರ ಬರುತ್ತಾನೆ. ಟೆಸ್ಟಿಂಗ್‌ನಿಂದ ಡೆವಲಪ್‌ಮೆಂಟ್‌ಗೆ ಹೋದವರನ್ನು ನಾನು ನೋಡಿದ್ದೇನೆ. ಹೆಚ್ಚಿನವರು ಹೋಗಿದ್ದು ಎಚ್‌ಆರ್‌ಗೆ ಅರ್ಜಿ ಕೊಟ್ಟಲ್ಲ, ಹೀಗೆ ಬೆಂಚ್ ಹತ್ತಿರ ಬಂದವರ ಜೊತೆ ಮಾತಿಗೆ ಬಿದ್ದು. ಇನ್ನು ದಿನಾ ಒಂದೇ ಥರ ತುಂಬೋ ಎಕ್ಸೆಲ್ ಇದ್ದರೆ ಮ್ಯಾನೇಜರ್‌ನ ಕೇಳಿ ಒಂದು ಪೈಥಾನ್ ಸ್ಕ್ರಿಪ್ಟ್ ಬರೆಯಿರಿ. ಕೇಳದೆ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ, ಐಟಿಯವರು ಬಂದು ನಿಲ್ಲುತ್ತಾರೆ.

ಲ್ಯಾಬ್ ಟೆಕ್ನಿಷಿಯನ್‌ಗಳ ಜೊತೆ ಟೀಗೆ ಹೋಗಿ. ಮೀಟಿಂಗ್‌ನಲ್ಲಿ ಇಂಗ್ಲಿಷ್ ತಡವರಿಸುತ್ತದೆ ಅಂತ ಮುದುಡಿಕೊಳ್ಳುವ ನಮ್ಮ ಜಿಲ್ಲೆಗಳ ಹುಡುಗ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ನನಗೆ 60 ಓಮ್ ಪಾಠ ಸಿಕ್ಕಿದ್ದು ಅಚ್ಚ ಕನ್ನಡದಲ್ಲಿ.

ಈಗ ಕಾಗದದ ವಿಷಯ. ನೀವು ಕೇಳಿಲ್ಲ, ಆದರೂ ಹೇಳಬೇಕು. ಒಂದೇ ಲ್ಯಾಬ್‌ನಲ್ಲಿ ಒಂದೇ ಕೆಲಸ ಮಾಡುವ ನಾಲ್ವರು ನಾಲ್ಕು ಥರ ಇರಬಹುದು. ನೀವು ಇಂಟರ್ನ್, ಅಂದರೆ ಇನ್ನೂ ಕಾಲೇಜಿನವರು. ಪಕ್ಕದಲ್ಲಿರುವವರು ಅಪ್ರೆಂಟಿಸ್ ಆಗಿದ್ದರೆ ಅವರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಅನ್ವಯ. ಸಾಮಾನ್ಯವಾಗಿ ಒಂದು ವರ್ಷ, ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. 2019ರಲ್ಲಿ ತಿದ್ದಿದ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಅಂತ ಗೊತ್ತು ಮಾಡಿದರು. ಕಾಯ್ದೆಯ ಪ್ರಕಾರ ಅವರು ತರಬೇತಿಯಲ್ಲಿರುವವರು, ಕಾರ್ಮಿಕರಲ್ಲ. ಹಾಗಾಗಿ ಪಿಎಫ್ ಇಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ, ಅದು ಕಂಪನಿಯ ನೀತಿಗೆ ಬಿಟ್ಟದ್ದು. ಮೂರನೆಯವರು ಜಿಇಟಿ, ಅಂದರೆ ಗ್ರಾಜುಯೇಟ್ ಎಂಜಿನಿಯರ್ ಟ್ರೈನಿ. ಇವರು ಸಾಮಾನ್ಯವಾಗಿ ಕಂಪನಿಯ ಪೇರೋಲ್‌ನಲ್ಲೇ ಇರುತ್ತಾರೆ. ನಾಲ್ಕನೆಯವರ ಸಂಬಳ ಇನ್ಯಾವುದೋ ಏಜೆನ್ಸಿಯಿಂದ ಬರುತ್ತಿರಬಹುದು. ಕೆಲವು ಕಡೆ ಕತ್ತಿನ ಟ್ಯಾಗ್‌ನ ಬಣ್ಣದಲ್ಲೇ ಇದು ಗೊತ್ತಾಗುತ್ತದೆ. "ಮುಂದೆ ಪರ್ಮನೆಂಟ್ ಮಾಡ್ತೀವಿ" ಅಂತ ಬಾಯಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ತಗೋಬೇಡಿ. ಆಫರ್ ಲೆಟರ್‌ನಲ್ಲಿ ಯಾವ ಕಂಪನಿಯ ಹೆಸರಿದೆ, ಬಾಂಡ್ ಇದೆಯಾ, ಎಷ್ಟು ವರ್ಷಕ್ಕೆ, ಓದಿ ಸಹಿ ಹಾಕಿ.

ಇಂಟರ್ನ್‌ಶಿಪ್ ಕೊಡ್ತೀವಿ ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಇಂಟರ್ನ್‌ಶಿಪ್ ಅಲ್ಲ, ಸರ್ಟಿಫಿಕೇಟ್ ವ್ಯಾಪಾರ. ನಿಮ್ಮ ತಮ್ಮ ತಂಗಿಯರಿಗೂ ಹೇಳಿ.

ರೆಸ್ಯೂಮೆಗೆ "500 ಟೆಸ್ಟ್ ಕೇಸ್ ಓಡಿಸಿದೆ" ಅಂತ ಬರೆದರೆ ಇಂಟರ್ವ್ಯೂನಲ್ಲಿ ಯಾರಿಗೂ ಕುತೂಹಲ ಹುಟ್ಟುವುದಿಲ್ಲ. ಒಂದು ಡಿಫೆಕ್ಟ್ ತಗೊಳ್ಳಿ. ಏನು ಕಂಡಿತು, ಮೊದಲು ಏನಂದುಕೊಂಡೆ, ಅದು ಹೇಗೆ ತಪ್ಪಾಗಿತ್ತು, ಕೊನೆಗೆ ಕಾರಣ ಏನು ಅಂತ ಐದು ನಿಮಿಷ ಹೇಳೋಕೆ ಬರಬೇಕು. ಗ್ರಾಹಕ ಕಂಪನಿಯ ಹೆಸರು, ಸ್ಕ್ರೀನ್‌ಶಾಟ್, ಕೋಡ್ ಯಾವುದೂ ಹೊರಗೆ ಬರಬಾರದು. ಲಿಂಕ್ಡ್‌ಇನ್‌ಗೆ ಬೆಂಚ್ ಮುಂದಿನ ಸೆಲ್ಫಿ ಹಾಕಿ ತೊಂದರೆಗೆ ಸಿಕ್ಕಿಕೊಳ್ಳಬೇಡಿ.

ನಾಳೆ ಲ್ಯಾಬ್‌ಗೆ ಹೋದ ಕೂಡಲೇ ಪವರ್ ಆಫ್ ಮಾಡಿ, ಬಸ್‌ನ ಎರಡು ವಯರ್ ಮಧ್ಯೆ ಮೀಟರ್ ಇಟ್ಟು ನೋಡಿ. 60 ಬಂದರೆ ಸರಿ. 120 ಬಂದರೆ ಏನು ಅಂತ ಈಗ ಗೊತ್ತಾಯಿತು. 40 ಬಂದರೆ? ಅದನ್ನು ನೀವೇ ನನಗೆ ಬರೆದು ತಿಳಿಸಿ.