ಪದ ಪರಿಚಯ: ಜಾಹೀರಾತು ಬಾಯ್ಕಾಟ್

ಟಿವಿಯಲ್ಲಿ ಯಾರೋ ಒಂದು ಊರಿನವರನ್ನು, ಒಂದು ಜಾತಿಯನ್ನು, ಇಲ್ಲವೇ ಹೆಂಗಸರನ್ನು ಹೀನಾಯವಾಗಿ ಆಡಿಕೊಂಡರೆ ನೋಡುವವರು ಸಾಮಾನ್ಯವಾಗಿ ಚಾನೆಲ್ ಬದಲಿಸುತ್ತಾರೆ. ಇನ್ನೊಂದು ದಾರಿಯೂ ಇದೆ. ಆ ಕಾರ್ಯಕ್ರಮಕ್ಕೆ ದುಡ್ಡು ಕೊಡುವ ಸೋಪು, ಬೈಕು, ಬಿಸ್ಕತ್ತಿನ ಕಂಪನಿಯನ್ನೇ ಕೇಳುವುದು: ‘ಇದರ ನಡುವೆ ನಿಮ್ಮ ಜಾಹೀರಾತು ಯಾಕೆ? ತೆಗೆಯದಿದ್ದರೆ ನಿಮ್ಮ ಸಾಮಾನು ಕೊಳ್ಳುವುದಿಲ್ಲ.’ ಇದೇ ಜಾಹೀರಾತು ಬಾಯ್ಕಾಟ್.

ಕಾಸರಗೋಡಿನ ನಮಗೆ ಇದು ತಿಳಿದಿರಬೇಕು. ಬದಿಯಡ್ಕ, ಪೆರ್ಲದ ಮನೆಗಳಲ್ಲಿ ಕನ್ನಡ, ಮಲಯಾಳ ಎರಡೂ ಚಾನೆಲ್ ನೋಡುತ್ತೇವೆ. ಸಿಟ್ಟು ಬಂದು ಟಿವಿ ಆಫ್ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿಗೂ ಜಾಸ್ತಿ. ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಎಂದು ಅಳೆಯುವ ಟಿಆರ್‌ಪಿ ಲೆಕ್ಕದ ಮೀಟರ್ ಇರುವುದು 50 ಸಾವಿರ ಚಿಲ್ಲರೆ ಮನೆಗಳಲ್ಲಿ ಮಾತ್ರ. ಮೀಟರ್ ಇಲ್ಲದ ಮನೆಯ ಸಿಟ್ಟು ಎಲ್ಲೂ ದಾಖಲಾಗುವುದಿಲ್ಲ. ಅದೂ ಅಲ್ಲದೆ ನಮ್ಮ ಜಿಲ್ಲೆ ಕೇರಳದ ಲೆಕ್ಕಕ್ಕೆ ಸೇರುತ್ತದೆ. ಕನ್ನಡ ಚಾನೆಲ್‌ಗಳ ಕಣ್ಣಿರುವುದು ಕರ್ನಾಟಕದ ಲೆಕ್ಕದ ಮೇಲೆ. ಆದರೆ ಸೋಪಿನ ಕಂಪನಿಗೆ ರಾಜ್ಯದ ಗಡಿ ತಲಪಾಡಿಯ ಆಚೆಯ ಗಿರಾಕಿಯೂ ಬೇಕು, ಈಚೆಯವನೂ ಬೇಕು.

ಇದು ಎಷ್ಟು ಬೇಗ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅಮೆರಿಕದ ಡಾನ್ ಐಮಸ್ ಪ್ರಕರಣ ನೋಡಿ. 2007ರ ಏಪ್ರಿಲ್ 4ರಂದು ಈ ರೇಡಿಯೊ ನಿರೂಪಕ ರಟ್ಗರ್ಸ್ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಜನಾಂಗವನ್ನೂ ಹೆಣ್ತನವನ್ನೂ ಹಳಿಯುವ ಮಾತು ಆಡಿದ. ಕ್ಷಮೆ ಕೇಳಿದರೂ ಸಿಟ್ಟು ಇಳಿಯಲಿಲ್ಲ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್, ಜನರಲ್ ಮೋಟಾರ್ಸ್‌ನಂಥ ಕಂಪನಿಗಳು ಜಾಹೀರಾತು ನಿಲ್ಲಿಸಿದವು. ಏಪ್ರಿಲ್ 12ಕ್ಕೆ ಅವನ ರೇಡಿಯೊ ಸಂಸ್ಥೆ ಸಿಬಿಎಸ್ ಅವನನ್ನು ಕೆಲಸದಿಂದ ತೆಗೆಯಿತು. ಆದರೆ ಅದೇ ಡಿಸೆಂಬರಿಗೆ ಬೇರೊಂದು ಕೇಂದ್ರದಲ್ಲಿ ಆಸಾಮಿ ಮತ್ತೆ ಮೈಕ್ ಹಿಡಿದಿದ್ದ!

ಎಲ್ಲ ಕಡೆ ಇದು ನಡೆಯುವುದೂ ಇಲ್ಲ. 2020ರ ಜುಲೈನಲ್ಲಿ ದ್ವೇಷದ ಪೋಸ್ಟ್‌ಗಳ ವಿಷಯಕ್ಕೆ ಸಾವಿರಕ್ಕೂ ಹೆಚ್ಚು ಕಂಪನಿಗಳು ಫೇಸ್‌ಬುಕ್‌ಗೆ ಜಾಹೀರಾತು ನಿಲ್ಲಿಸಿದವು. ಆದರೂ ಅದೇ ತ್ರೈಮಾಸಿಕದಲ್ಲಿ, ಅಂದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಅದರ ಆದಾಯ ಹಿಂದಿನ ವರ್ಷಕ್ಕಿಂತ ಶೇ. 22 ಏರಿತು. ಲಕ್ಷಾಂತರ ಚಿಕ್ಕ ಚಿಕ್ಕ ಜಾಹೀರಾತುದಾರರನ್ನು ನಂಬಿದ ಸಂಸ್ಥೆಗೆ ನಾಲ್ಕು ದೊಡ್ಡವರು ಮುನಿಸಿಕೊಂಡರೆ ಏನಾದೀತು?

ನಮ್ಮಲ್ಲಿ 2020ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಎರಡು ಘಟನೆ ನಡೆದವು. ವಿಷ ಕಾರುವ ಸುದ್ದಿ ಚಾನೆಲ್‌ಗಳಿಗೆ ಜಾಹೀರಾತು ಕೊಡುವುದಿಲ್ಲ ಎಂದು ಬಜಾಜ್, ಪಾರ್ಲೆ ಹೇಳಿದವು. ಇನ್ನೊಂದು ಕಡೆ, ಮುಸ್ಲಿಂ ಮನೆಯಲ್ಲಿ ಹಿಂದೂ ಸೊಸೆಗೆ ಸೀಮಂತ ಮಾಡುವ ತನಿಷ್ಕ್ ಒಡವೆ ಕಂಪನಿಯ ಜಾಹೀರಾತು ಬಾಯ್ಕಾಟ್ ಕೂಗಿಗೆ ಹೆದರಿ ವಾಪಸಾಯಿತು. ಅದರಲ್ಲಿ ಯಾರನ್ನೂ ಬೈದಿರಲಿಲ್ಲ. ಒತ್ತಡ ಹಾಕುವ ರೀತಿ ಒಂದೇ, ಕಾರಣ ಬೇರೆ. ನನ್ನ ಮಟ್ಟಿಗೆ ನೋಡಬೇಕಾದದ್ದು ಆ ಕಾರಣವನ್ನೇ.

ಸಾಮಾಜಿಕ ಬಹಿಷ್ಕಾರದ ಜೊತೆ ಇದನ್ನು ಬೆರೆಸಬೇಡಿ. ಒಂದು ಮನೆಯವರಿಗೆ ನೀರು, ಅಂಗಡಿ, ಮದುವೆ ಊಟ ತಪ್ಪಿಸುವುದು ಬೇರೆಯೇ ಸಂಗತಿ. ಮಹಾರಾಷ್ಟ್ರದಲ್ಲಿ ಅದರ ವಿರುದ್ಧ 2016ರ ಕಾಯ್ದೆಯೇ ಇದೆ.

ಕಂಪನಿಗೆ ಬರೆಯುವಾಗ ಕಾರ್ಯಕ್ರಮದ ಹೆಸರು, ದಿನ, ಹೊತ್ತು, ಆಡಿದ ಮಾತು, ನಡುವೆ ಬಂದ ಜಾಹೀರಾತು ಇಷ್ಟು ಬರೆದರೆ ಸಾಕು, ಬೈಗುಳ ಬೇಡ. ಚಾನೆಲ್‌ಗೂ ಒಂದು ದೂರು ಕಳಿಸಿ. 2021ರ ಕೇಬಲ್ ಟಿವಿ ನಿಯಮಗಳ ಪ್ರಕಾರ ಅವರು 15 ದಿನದೊಳಗೆ ಅದನ್ನು ಇತ್ಯರ್ಥ ಮಾಡಬೇಕು.