ಜಾಮ್ ಆದ ನಟ್ಟಿಗೆ ಒಂದು ರಾತ್ರಿ ಕೊಡಿ

ಕಾರವಾರದಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಗ್ಯಾರೇಜಿಗೆ ಒಂದೇ ಬಗೆಯ ಬೈಕುಗಳು ಬರತೊಡಗುತ್ತವೆ. ಚೈನ್ ಬಿಗಿ ಮಾಡೋಣ, ಬ್ರೇಕ್ ಶೂ ನೋಡೋಣ ಎಂದು ಮಾಲೀಕರು ರಜಾ ದಿನ ಮನೆಯಂಗಳದಲ್ಲಿ ಸ್ಪ್ಯಾನರ್ ಹಿಡಿದಿರುತ್ತಾರೆ. ಹಿಂದಿನ ಚಕ್ರದ ಆಕ್ಸಲ್ ನಟ್ಟು ಅಲುಗುವುದಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸುತ್ತಾರೆ, ಪೈಪಿನ ಮೇಲೆ ಕಾಲಿಡುತ್ತಾರೆ. ನನ್ನ ಮುಂದೆ ಬಂದು ನಿಲ್ಲುವಾಗ ಆರು ಮೂಲೆಯ ನಟ್ಟು ಉರುಟಾಗಿರುತ್ತದೆ. ಬೈಕಿನ ಕೆಲಸವನ್ನು ಸ್ವತಃ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಗೌರವವಿದೆ. ಅವರ ಶ್ರಮ ಹೀಗೆ ವ್ಯರ್ಥವಾಗುವುದನ್ನು ನೋಡಿದರೆ ಬೇಸರವಾಗುತ್ತದೆ, ಏಕೆಂದರೆ ರಾತ್ರಿ ಎಣ್ಣೆ ಹಾಕಿ ಬಿಟ್ಟಿದ್ದರೆ ಆ ನಟ್ಟುಗಳಲ್ಲಿ ಹೆಚ್ಚಿನವು ಮರುದಿನ ಬೆಳಿಗ್ಗೆ ಸುಲಭವಾಗಿ ಬಿಡುತ್ತಿದ್ದವು.

ನಟ್ಟು ಏಕೆ ಕಚ್ಚಿಕೊಳ್ಳುತ್ತದೆ ಎಂಬುದು ತಿಳಿದರೆ ಅರ್ಧ ಕೆಲಸ ಆದಂತೆಯೇ. ಕಬ್ಬಿಣ ತುಕ್ಕಾದಾಗ ಮೊದಲಿದ್ದಷ್ಟೇ ಜಾಗದಲ್ಲಿ ಇರುವುದಿಲ್ಲ. ತುಕ್ಕು ಮೂಲ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟಿನ ಥ್ರೆಡ್ಡಿಗೂ ಬೋಲ್ಟಿನ ಥ್ರೆಡ್ಡಿಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅಲ್ಲಿ ಹುಟ್ಟಿದ ತುಕ್ಕಿಗೆ ಹೋಗಲು ಬೇರೆ ದಾರಿಯಿಲ್ಲ, ಎರಡೂ ಕಡೆ ಒತ್ತುತ್ತದೆ. ಕರಾವಳಿಯಲ್ಲಿ ಇದಕ್ಕೆ ಉಪ್ಪು ಸೇರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಹಿಡಿದಿಟ್ಟುಕೊಳ್ಳುವುದರಿಂದ, ಮಳೆಯಿಲ್ಲದ ದಿನವೂ ಲೋಹದ ಮೇಲೆ ಒದ್ದೆಯ ಪದರ ಉಳಿಯುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಬೈಕುಗಳಲ್ಲಿ ನಾನು ಕಾಣುವುದು ಬೇರೆಯೇ ರೂಪ: ತೋಟದ ದಾರಿಯ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡು, ಅದರಡಿ ತೇವ ನಿಂತು ಆದ ತುಕ್ಕು. ಮಣ್ಣು ಕೆರೆದರೆ ಅದು ಬಹುಪಾಲು ಬಿಡುತ್ತದೆ. ಮಾಜಾಳಿಯಿಂದ ಭಟ್ಕಳದವರೆಗಿನ ಬೈಕುಗಳದ್ದು ಆಳಕ್ಕಿಳಿದ ತುಕ್ಕು.

ಇನ್ನೊಂದು ಸಂಗತಿ ಮೆಕ್ಯಾನಿಕ್‌ಗಳಲ್ಲೂ ಹಲವರ ಗಮನಕ್ಕೆ ಬಂದಿರುವುದಿಲ್ಲ. ನಟ್ಟು ಬಿಗಿಯುವಾಗ ನಾವು ಹಾಕುವ ಬಲದಲ್ಲಿ ಸುಮಾರು ಅರ್ಧದಷ್ಟು ನಟ್ಟಿನ ಕೆಳಮುಖ ವಾಷರಿಗೆ ಉಜ್ಜುವ ಘರ್ಷಣೆಯಲ್ಲೇ ಕಳೆದುಹೋಗುತ್ತದೆ. 40 ಪ್ರತಿಶತದಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ನಿಜವಾಗಿ ಎಳೆದು ಹಿಡಿಯುವುದು ಉಳಿದ ಸುಮಾರು 10 ಪ್ರತಿಶತ ಮಾತ್ರ. ಬಿಚ್ಚುವಾಗಲೂ ನಾವು ಸೆಣಸಬೇಕಾದದ್ದು ಈ ಎರಡು ಜಾಗಗಳಲ್ಲೇ. ಆದರೆ ಹೆಚ್ಚಿನವರು ಹೊರಗೆ ಕಾಣುವ ಥ್ರೆಡ್ಡಿನ ತುದಿಗೆ ಎಣ್ಣೆ ಹಾಕಿ ಸುಮ್ಮನಾಗುತ್ತಾರೆ. ನಟ್ಟಿನ ಅಡಿ ಒಣಗಿದಂತೆಯೇ ಉಳಿಯುತ್ತದೆ.

ಬೈತಖೋಲದಿಂದ ಮೀನು ಒಯ್ದು ಮಾರುವ ತರುಣರೊಬ್ಬರ ಬೈಕು ಇತ್ತೀಚೆಗೆ ಬಂದಿತ್ತು. ಹಿಂದೆ ಕಟ್ಟಿದ ಬಂಗಡೆಯ ಪೆಟ್ಟಿಗೆಯಿಂದ ಮಂಜುಗಡ್ಡೆಯ ನೀರು ಪ್ರತಿದಿನ ಒಂದೇ ಜಾಗಕ್ಕೆ, ಆಕ್ಸಲ್ ನಟ್ಟಿನ ನೆತ್ತಿಗೆ, ಇಳಿದಿತ್ತು. ನಟ್ಟು ಗೋಣಿಬಣ್ಣಕ್ಕೆ ತಿರುಗಿ ಪದರ ಪದರವಾಗಿ ಉಬ್ಬಿತ್ತು, ವಾಷರ್ ಎಲ್ಲಿ ಮುಗಿಯುತ್ತದೆ ನಟ್ಟು ಎಲ್ಲಿ ಶುರುವಾಗುತ್ತದೆ ಎಂದೇ ಕಾಣುತ್ತಿರಲಿಲ್ಲ. ಉಗುರಿನಿಂದ ಎಬ್ಬಿಸಿದರೆ ತುಕ್ಕಿನ ಹೆಕ್ಕಳೆ ಕಿತ್ತು ಬರುತ್ತಿತ್ತು. ಆ ಸ್ಥಿತಿಯಲ್ಲಿ ಸ್ಪ್ಯಾನರ್ ಇಟ್ಟಿದ್ದರೆ ಅದು ಹಿಡಿಯುತ್ತಿದ್ದದ್ದು ಲೋಹವನ್ನಲ್ಲ, ತುಕ್ಕನ್ನು. ತುಕ್ಕು ಪುಡಿಯಾದ ಕ್ಷಣ ಸ್ಪ್ಯಾನರ್ ಜಾರಿ ಮೂಲೆಗಳು ಹೋಗುತ್ತಿದ್ದವು.

ಆದ್ದರಿಂದ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ತಂತಿ ಬ್ರಷ್. ನಟ್ಟಿನ ಆರೂ ಮುಖಗಳಲ್ಲಿ ಲೋಹ ಕಾಣುವವರೆಗೆ ಉಜ್ಜಿ. ನಟ್ಟಿನ ಆಚೆ ಹೊರಗೆ ಚಾಚಿರುವ ಥ್ರೆಡ್ಡನ್ನು ಇನ್ನೂ ಚೆನ್ನಾಗಿ ಉಜ್ಜಿ, ಏಕೆಂದರೆ ಬಿಚ್ಚಿಕೊಂಡ ನಟ್ಟು ಆ ದಾರಿಯಲ್ಲೇ ಬರಬೇಕು. ಎರಡು ಸುತ್ತು ಸಲೀಸಾಗಿ ಬಂದ ನಟ್ಟು ಮಧ್ಯದಲ್ಲಿ ಸಿಕ್ಕಿಬೀಳುವುದು ಈ ಕೊಳೆಯಿಂದಲೇ. ಉಜ್ಜುವಾಗ ಕಾಟರ್ ಪಿನ್, ಅಂದರೆ ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಅಡ್ಡ ತೂರಿಸಿ ಕಾಲು ಮಡಚಿದ ಪಿನ್, ಇದೆಯೇ ಎಂದೂ ನೋಡಿ. ಮಣ್ಣು ಮತ್ತು ಗ್ರೀಸಿನೊಳಗೆ ಅಡಗಿರುವ ಪಿನ್ ತೆಗೆಯದೆ ನಟ್ಟಿನ ಜೊತೆ ಗುದ್ದಾಡುವವರಿದ್ದಾರೆ. ತಿರುಗಿಸುವ ದಿಕ್ಕನ್ನೂ ಖಚಿತಪಡಿಸಿಕೊಳ್ಳಿ. ಬೈಕಿನ ಬಹುತೇಕ ಎಲ್ಲ ನಟ್ಟುಗಳು ಎದುರಿನಿಂದ ನೋಡಿದಾಗ ಎಡಕ್ಕೆ ಬಿಚ್ಚಿಕೊಳ್ಳುತ್ತವೆ. ಯಮಹಾ ಬೈಕುಗಳ ಬಲಗನ್ನಡಿಯಂತಹ ಕೆಲವು ಕಡೆ ಮಾತ್ರ ಥ್ರೆಡ್ ಉಲ್ಟಾ ಇರುತ್ತದೆ.

ಉಜ್ಜಿದ ಮೇಲೆ ಎಣ್ಣೆ. ಅಂಗಡಿಯಲ್ಲಿ ಸಿಗುವ, ತುಕ್ಕು ಬಿಡಿಸಲೆಂದೇ ಮಾಡಿದ ಸ್ಪ್ರೇ ಇದ್ದರೆ ಒಳ್ಳೆಯದು. ಎಲ್ಲರ ಮನೆಯಲ್ಲಿರುವ ಡಬ್ಲ್ಯೂಡಿ-40 ಮೂಲತಃ ಲೋಹದ ಮೇಲಿನ ತೇವ ಓಡಿಸಿ ತುಕ್ಕು ತಡೆಯಲೆಂದು 1953ರಲ್ಲಿ ತಯಾರಾದದ್ದು. ಸಾಧಾರಣ ತುಕ್ಕಿಗೆ ಅದೂ ನಡೆಯುತ್ತದೆ. ಏನೂ ಇಲ್ಲದಿದ್ದರೆ ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ, ಬೆಂಕಿಯಿಂದ ದೂರವಿಟ್ಟು. ಹಳೆಯ ಎಂಜಿನ್ ಆಯಿಲ್ ಬೇಡ, ಅಷ್ಟು ಮಂದವಾದದ್ದು ಸಂದಿಗೆ ಇಳಿಯುವುದಿಲ್ಲ. ತೆಂಗಿನೆಣ್ಣೆಯೂ ಬೇಡ. ನಮ್ಮ ಜಿಲ್ಲೆಯಲ್ಲಿ ಕೈಗೆ ಮೊದಲು ಸಿಗುವುದು ಅದೇ ಎಂಬುದು ನಿಜ, ಆದರೆ 24 ಡಿಗ್ರಿಯ ಆಸುಪಾಸಿನಲ್ಲೇ ಅದು ಹೆಪ್ಪುಗಟ್ಟತೊಡಗುತ್ತದೆ. ಶಿರಸಿಯ ಚಳಿಗಾಲದ ರಾತ್ರಿಯಲ್ಲಿ ಥ್ರೆಡ್ಡಿನ ಬಾಯಲ್ಲೇ ಗಟ್ಟಿಯಾಗಿ ಕುಳಿತಿರುತ್ತದೆ.

ಯಾವ ಎಣ್ಣೆ ಎಂಬುದಕ್ಕಿಂತ ಎಷ್ಟು ಹೊತ್ತು ಎಂಬುದು ದೊಡ್ಡದು. ಎಣ್ಣೆ ಒಳಗೆ ಹೋಗುವುದು ತನ್ನಷ್ಟಕ್ಕೆ ತಾನೇ, ಸಂದು ಹೀರಿಕೊಂಡಂತೆ. ನಮ್ಮ ಅವಸರಕ್ಕೆ ಅದು ಓಡುವುದಿಲ್ಲ. ಸಂಜೆ ನಟ್ಟಿನ ಎರಡೂ ಬದಿಗೆ, ಅಂದರೆ ಥ್ರೆಡ್ ಹೊರಬರುವಲ್ಲಿ ಮತ್ತು ನಟ್ಟು ವಾಷರಿಗೆ ಕೂರುವ ಗೆರೆಯಲ್ಲಿ, ಎಣ್ಣೆ ಹಾಕಿ. ಸಣ್ಣ ಸುತ್ತಿಗೆಯಿಂದ ನಟ್ಟಿನ ಮುಖಗಳಿಗೆ ಸುತ್ತಲೂ ಹಗುರಾಗಿ ಕುಟ್ಟಿ. ಎದುರು ಬದಿಗೆ ಇನ್ನೊಂದು ಭಾರದ ಸುತ್ತಿಗೆ ಆನಿಸಿ ಹಿಡಿದರೆ ಏಟು ಚೌಕಟ್ಟಿಗೆ ಹೋಗದೆ ನಟ್ಟಿನಲ್ಲೇ ಉಳಿಯುತ್ತದೆ. ಈ ಏಟಿಗೆ ತುಕ್ಕಿನ ಪದರ ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಮಲಗುವ ಮುನ್ನ ಮತ್ತೊಮ್ಮೆ ಎಣ್ಣೆ, ಮತ್ತೊಮ್ಮೆ ನಾಲ್ಕು ಏಟು. ಹತ್ತಿರ ಡಿಸ್ಕ್ ಅಥವಾ ಬ್ರೇಕ್ ಡ್ರಮ್ಮಿನ ಸಂದು ಇದ್ದರೆ ಮೊದಲೇ ಬಟ್ಟೆ ಕಟ್ಟಿ ಮುಚ್ಚಿ. ಬ್ರೇಕ್ ಪ್ಯಾಡಿಗೆ ಎಣ್ಣೆ ಕುಡಿಸಿದರೆ ಬೈಕು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಬೆಳಿಗ್ಗೆ ಸ್ಪ್ಯಾನರ್. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬಾಯ್ತೆರೆದ ಸ್ಪ್ಯಾನರ್ ನಟ್ಟಿನ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ. ಬಲ ಬಿದ್ದಾಗ ಅದರ ಬಾಯಿ ಅಗಲವಾಗುತ್ತದೆ. ಅಡ್ಜಸ್ಟೆಬಲ್ ಸ್ಪ್ಯಾನರ್ ಇನ್ನೂ ಕೆಟ್ಟದ್ದು. ಜಾಮ್ ಆದ ನಟ್ಟಿಗೆ ಆರು ಮೂಲೆಯ ಸಾಕೆಟ್ ಬೇಕು, ಇಲ್ಲವಾದರೆ ಒಳ್ಳೆಯ ರಿಂಗ್ ಸ್ಪ್ಯಾನರ್. ಹನ್ನೆರಡು ಮೂಲೆಯ ಸಾಕೆಟ್ ಬೇಗ ಕೂರುತ್ತದೆ ನಿಜ, ಆದರೆ ಅದು ಮೂಲೆಯ ತುದಿಯನ್ನು ಒತ್ತುತ್ತದೆ, ಅದಾಗಲೇ ಸವೆದ ನಟ್ಟಿನಲ್ಲಿ ಜಾರುತ್ತದೆ. ಅಳತೆಯಲ್ಲೂ ಒಂದು ಎಚ್ಚರ: ಅದೇ ಎಂ8 ಬೋಲ್ಟಿಗೆ, ಅಂದರೆ 8 ಮಿಲಿಮೀಟರ್ ದಪ್ಪದ ಬೋಲ್ಟಿಗೆ, ಹೀರೋ, ಹೋಂಡಾ, ಯಮಹಾ ಬೈಕುಗಳಲ್ಲಿ ಸಾಮಾನ್ಯವಾಗಿ 12 ಮಿಲಿಮೀಟರಿನ ತಲೆ, ಬೇರೆ ಹಲವು ಬೈಕುಗಳಲ್ಲಿ 13ರ ತಲೆ. 12ರ ತಲೆಗೆ 13ರ ಸ್ಪ್ಯಾನರ್ ಸಲೀಸಾಗಿ ಕೂರುತ್ತದೆ, ಬಲ ಹಾಕಿದೊಡನೆ ಮೂಲೆ ಬೋಳಿಸುತ್ತದೆ.

ಮೊದಲ ಒತ್ತು ಬಿಗಿಯುವ ದಿಕ್ಕಿಗೆ ಇರಲಿ, ಒಂದಿಷ್ಟೇ. ವಿಚಿತ್ರವೆನಿಸಬಹುದು, ಆದರೆ ತುಕ್ಕಿನ ಕಟ್ಟು ಯಾವ ದಿಕ್ಕಿಗೆ ಒಡೆದರೂ ಒಡೆದದ್ದೇ. ಆಮೇಲೆ ಬಿಚ್ಚುವ ದಿಕ್ಕಿಗೆ. ಕಿರ್ರೆಂದು ಕಾಲು ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ಅರ್ಧದಷ್ಟು ಹಿಂದಕ್ಕೆ ಕಳಿಸಿ, ಎಣ್ಣೆ ಬಿಟ್ಟು ಮತ್ತೆ ಮುಂದೆ ತನ್ನಿ. ಬಿಟ್ಟಿತಲ್ಲ ಎಂಬ ಸಂತೋಷದಲ್ಲಿ ಒಂದೇ ಸಮನೆ ತಿರುಗಿಸಿದರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಒತ್ತೊತ್ತಾಗಿ ಮತ್ತೆ ಕಚ್ಚಿಕೊಳ್ಳುತ್ತದೆ. ಆಕ್ಸಲ್ಲಿನ ಇನ್ನೊಂದು ತುದಿಯ ತಲೆಗೂ ಸ್ಪ್ಯಾನರ್ ಇಟ್ಟು ಹಿಡಿಯಿರಿ. ಮೇನ್ ಸ್ಟ್ಯಾಂಡಿನ ಮೇಲೆ ಜೋರಾಗಿ ಎಳೆದರೆ ಬೈಕು ಮುಂದಕ್ಕೆ ಉರುಳಬಹುದು, ಒಬ್ಬರು ಹಿಡಿದು ನಿಲ್ಲಲಿ.

ಪೈಪಿನ ಮಾತಿಗೆ ಬರುತ್ತೇನೆ. 25 ಸೆಂಟಿಮೀಟರ್ ಉದ್ದದ ಹಿಡಿಕೆಯನ್ನು 20 ಕಿಲೋ ಭಾರದಷ್ಟು ಬಲದಿಂದ ಎಳೆದರೆ ನಟ್ಟಿಗೆ ಸುಮಾರು 50 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ. ಒಂದು ಮೀಟರ್ ಪೈಪು ಹಾಕಿ ಅಷ್ಟೇ ಎಳೆದರೆ 200. ದಪ್ಪ ಆಕ್ಸಲ್ ಇದನ್ನು ತಡೆದುಕೊಳ್ಳಬಹುದು. ಆದರೆ ಎಂ8 ಬೋಲ್ಟಿನ ಸಾಮಾನ್ಯ ಬಿಗಿತವೇ 20ರಿಂದ 25 ನ್ಯೂಟನ್ ಮೀಟರ್. ಎಂ6ಕ್ಕೆ ಸುಮಾರು 10. ಅವುಗಳ ಮೇಲೆ ಪೈಪು ಹಾಕಿದರೆ ಬೋಲ್ಟು ತುಂಡಾಗುತ್ತದೆ, ಅದೂ ಕೈಗೆ ಸೂಚನೆ ಸಿಗುವ ಮೊದಲೇ. ಆಕ್ಸಲ್ ನಟ್ಟಿಗೆ ಪೈಪು ಹಾಕಬಹುದು, ಅದೂ ರಾತ್ರಿಯಿಡೀ ಎಣ್ಣೆ ಕುಡಿದ ಮೇಲೆ. ಸಣ್ಣ ಬೋಲ್ಟುಗಳಿಗೆ ಎಂದೂ ಬೇಡ.

ಎರಡು ರಾತ್ರಿ ಎಣ್ಣೆಗೂ ಮಣಿಯದಿದ್ದರೆ ಶಾಖ. 10 ಮಿಲಿಮೀಟರಿನ ಉಕ್ಕಿನ ನಟ್ಟನ್ನು 150 ಡಿಗ್ರಿಯಷ್ಟು ಹೆಚ್ಚಿಗೆ ಬಿಸಿ ಮಾಡಿದರೆ ಅದರ ತೂತು ಹಿಗ್ಗುವುದು 0.018 ಮಿಲಿಮೀಟರ್ ಮಾತ್ರ. ಅಷ್ಟು ಸಾಕು, ಒಳಗಿನ ಬೋಲ್ಟು ಅಷ್ಟು ಬಿಸಿಯಾಗುವ ಮೊದಲೇ ನಟ್ಟು ಬಿಸಿಯಾದರೆ ತುಕ್ಕಿನ ಹಿಡಿತ ಬಿರಿಯುತ್ತದೆ. ಮನೆಯಲ್ಲಿ ಬಿಸಿಗಾಳಿಯ ಗನ್ ಮಾತ್ರ ಬಳಸಿ. ಗ್ಯಾಸ್ ಜ್ವಾಲೆ ಬೇಡವೇ ಬೇಡ: ಪಕ್ಕದಲ್ಲಿ ಟಯರಿದೆ, ಬೇರಿಂಗಿನ ರಬ್ಬರ್ ಸೀಲಿದೆ, ಮೇಲೆ ಪೆಟ್ರೋಲ್ ಟ್ಯಾಂಕಿದೆ, ನಟ್ಟಿನಲ್ಲಿ ನೀವೇ ಹಾಕಿದ ಎಣ್ಣೆಯಿದೆ. ಆ ಎಣ್ಣೆಯನ್ನು ಪೂರ್ತಿ ಒರೆಸದೆ ಬಿಸಿಗಾಳಿಯನ್ನೂ ಹಿಡಿಯಬಾರದು.

ಸೈಲೆನ್ಸರ್ ಎಂಜಿನ್ನಿಗೆ ಕೂರುವಲ್ಲಿನ ಎರಡು ನಟ್ಟುಗಳನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಲ್ಲಿ ಉಕ್ಕಿನ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿನೊಳಗೆ ಕೂತಿರುತ್ತದೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದಾಗ ಅಲ್ಯೂಮಿನಿಯಂ ಬೇಗ ಕೊರೆದುಹೋಗಿ ಬಿಳಿ ಪುಡಿಯಾಗಿ ಸ್ಟಡ್ಡನ್ನು ಬಿಗಿಹಿಡಿಯುತ್ತದೆ. ಮೇಲೆ ದಿನವೂ ಕಾದು ತಣಿಯುವ ಕಾಟ. ಸ್ಟಡ್ ಒಳಗೆ ಮುರಿದರೆ ಹೆಡ್ ಕಳಚಿ ಲೇತಿನವರ ಬಳಿ ಒಯ್ಯಬೇಕು. ಡಿಸ್ಕಿಗೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಬೋಲ್ಟುಗಳೂ ಅಷ್ಟೇ, ಗ್ಯಾರೇಜಿಗೆ ತನ್ನಿ.

ಮೂಲೆಗಳೆಲ್ಲ ಹೋದ ಆಕ್ಸಲ್ ನಟ್ಟಿಗೆ ಕೊನೆಯ ದಾರಿ ಕೊಯ್ಯುವುದು. ಹ್ಯಾಕ್ಸಾ ಬ್ಲೇಡನ್ನು ಆಕ್ಸಲ್ಲಿಗೆ ಸಮಾನಾಂತರವಾಗಿ ಹಿಡಿದು ನಟ್ಟಿನ ಒಂದು ಮುಖವನ್ನು ಥ್ರೆಡ್ ಮುಟ್ಟುವ ಮುನ್ನವರೆಗೆ ಕೊಯ್ದು, ಆ ಗೆರೆಯಲ್ಲಿ ಉಳಿ ಇಟ್ಟು ಒಂದೇಟು ಹಾಕಿದರೆ ನಟ್ಟು ಬಾಯಿ ಬಿಡುತ್ತದೆ. ನಟ್ಟು ಹೋಗುತ್ತದೆ, ಆಕ್ಸಲ್ ಉಳಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಮೀನಿನ ಬೈಕಿನ ನಟ್ಟು ಮಾತ್ರ ಕೊಯ್ಯುವವರೆಗೆ ಹೋಗಲಿಲ್ಲ. ರಾತ್ರಿ ಎಣ್ಣೆಯಲ್ಲಿ ಬಿಟ್ಟಿದ್ದೆವು, ಬೆಳಿಗ್ಗೆ ಸಾಕೆಟ್ಟಿಗೆ ಟಕ್ಕೆಂದು ಬಿಟ್ಟುಕೊಟ್ಟಿತು. ಪೆಟ್ಟಿಗೆಯ ಅಡಿಗೆ ಒಂದು ತಟ್ಟೆ ಕಟ್ಟಿ, ನೀರು ಚಕ್ರದ ಹಿಂದಕ್ಕೆ ಹೋಗುವಂತೆ ಕೊಳವೆ ಇಟ್ಟುಕೊಟ್ಟೆ.

ಮರಳಿ ಜೋಡಿಸುವಾಗ ಥ್ರೆಡ್ಡನ್ನು ಬ್ರಷ್ಷಿನಿಂದ ಶುಚಿ ಮಾಡಿ, ಥ್ರೆಡ್ಡಿಗೂ ನಟ್ಟಿನ ಅಡಿಗೂ ತೆಳುವಾಗಿ ಗ್ರೀಸ್ ಹಚ್ಚಿ. ತುಕ್ಕೇ ಹಿಡಿಯದಿರಲಿ ಎಂದು ಎಲ್ಲ ಕಡೆ ಸ್ಟೇನ್‌ಲೆಸ್ ಬೋಲ್ಟು ಹಾಕಿಸುವ ರೂಢಿ ಇಲ್ಲಿ ಬೆಳೆಯುತ್ತಿದೆ. ನನಗೆ ಅದು ಒಪ್ಪಿಗೆಯಿಲ್ಲ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು ಹಾಕಿದರೆ ಬಿಗಿಯುವಾಗಲೇ ಒಂದಕ್ಕೊಂದು ಕಚ್ಚಿ ಬೆಸುಗೆಯಾದಂತೆ ಕೂರುವುದುಂಟು, ಅಲ್ಯೂಮಿನಿಯಂ ಒಳಗೆ ಹಾಕಿದರೆ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಕಂಪನಿ ಕೊಟ್ಟ ಬೋಲ್ಟು ಮತ್ತು ಗ್ರೀಸ್ ಸಾಕು. ಆದರೆ ಗ್ರೀಸ್ ಹಚ್ಚಿದ ಮೇಲೆ ಘರ್ಷಣೆ ಕಡಿಮೆಯಾಗುವುದರಿಂದ, ಅಷ್ಟೇ ಬಲಕ್ಕೆ ನಟ್ಟು ಮೊದಲಿಗಿಂತ ಹೆಚ್ಚು ಬಿಗಿಯುತ್ತದೆ. ಒಣ ಥ್ರೆಡ್ಡಿಗೆಂದು ಕೊಟ್ಟ ಅಳತೆಯಾದರೆ ನಾಲ್ಕನೇ ಒಂದು ಭಾಗದಷ್ಟು ಕಡಿಮೆ ಮಾಡಿ. ಕಾಟರ್ ಪಿನ್ ಹೊಸದನ್ನೇ ಹಾಕಿ, ಎರಡೂ ಕಾಲುಗಳನ್ನು ಪೂರ್ತಿ ಮಡಚಿ.