ಇಬ್ಬರು ಸಂತರ ಹೆಸರಲ್ಲಿ ನಗಿಸಿದ ಪಾದ್ರಿ

ಇಂಗ್ಲೆಂಡಿನ ಡರ್ಹಾಮ್ ಕ್ಯಾಥೆಡ್ರಲ್‌ನಲ್ಲಿ ಇಬ್ಬರು ಸಂತರ ಸಮಾಧಿಗಳಿವೆ. ಪೂರ್ವದ ತುದಿಗೆ ಕತ್‌ಬರ್ಟ್, ಪಶ್ಚಿಮದ ತುದಿಗೆ ಬೀಡ್. ಬೀಡ್ ಸಮಾಧಿಯ ಕಲ್ಲಿನ ಮೇಲೆ ಲ್ಯಾಟಿನ್‌ನಲ್ಲಿ ಪ್ರಾಸವಿರುವ ಒಂದು ಸಾಲು ಕೆತ್ತಿದೆ: ಪೂಜ್ಯ ಬೀಡನ ಮೂಳೆಗಳು ಈ ಗುಂಡಿಯಲ್ಲಿವೆ ಅಂತ. ಕ್ಯಾಥೆಡ್ರಲ್ ಎದುರಿನ ಕೋಟೆಯಲ್ಲೇ ಯೂನಿವರ್ಸಿಟಿ ಕಾಲೇಜು. ಅಲ್ಲಿ ಓದಿ 1848ರಲ್ಲಿ ಪದವಿ ಪಡೆದವರು ಎಡ್ವರ್ಡ್ ಬ್ರಾಡ್ಲಿ. ಈ ಎರಡೂ ಹೆಸರು ಜೋಡಿಸಿ 'ಕತ್‌ಬರ್ಟ್ ಬೀಡ್' ಅಂತ ಕಾವ್ಯನಾಮ ಇಟ್ಟುಕೊಂಡರು. ಆಮೇಲೆ ಪಾದ್ರಿಯಾದರು. ಬರೆದದ್ದು ಹೆಚ್ಚಾಗಿ ನಗೆಬರಹ.

ಪಾದ್ರಿಗಳು ಬೇರೆ ಹೆಸರಲ್ಲಿ ನಗಿಸುವುದು ಅಷ್ಟರಲ್ಲಾಗಲೇ ಹಳೆಯ ರೂಢಿ. 1760ರಲ್ಲಿ ಲಾರೆನ್ಸ್ ಸ್ಟರ್ನ್ ತಮ್ಮ ಕಾದಂಬರಿಯ ಪಾತ್ರ 'ಯೋರಿಕ್' ಹೆಸರಲ್ಲಿ ಚರ್ಚಿನ ಪ್ರವಚನಗಳನ್ನೇ ಅಚ್ಚು ಹಾಕಿಸಿದ್ದರು. ಆ ಹೆಸರು ಮೂಲದಲ್ಲಿ ಶೇಕ್ಸ್‌ಪಿಯರ್ ನಾಟಕದ ವಿದೂಷಕನದು. ವಿಮರ್ಶಕರು ಸಿಟ್ಟಾದರು. 1837ರಿಂದ ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನ ರಿಚರ್ಡ್ ಬಾರ್ಹಮ್ 'ಥಾಮಸ್ ಇಂಗೋಲ್ಡ್ಸ್‌ಬಿ' ಆಗಿ ದೆವ್ವದ ಕತೆ, ತಮಾಷೆ ಪದ್ಯ ಬರೆದರು. ಭಾನುವಾರ ಪಾಪ ಪುಣ್ಯ ಹೇಳುವವರಿಗೆ ಜನ ಏನಂದುಕೊಂಡಾರೋ ಅನ್ನುವ ಅಳುಕು ಸಹಜವೇ, ಅಲ್ವಾ?

ಬ್ರಾಡ್ಲಿಯವರ ಹೆಸರಲ್ಲಿ ಮಾತ್ರ ನನಗೆ ಅಳುಕಿಗಿಂತ ಡರ್ಹಾಮ್ ಮೇಲಿನ ಅಭಿಮಾನವೇ ಜಾಸ್ತಿ ಕಾಣುತ್ತದೆ. ಯಾಕೆಂದರೆ ಅವರ ಹೆಸರಾಂತ ಪುಸ್ತಕ ಆಕ್ಸ್‌ಫರ್ಡ್ ಬಗ್ಗೆ. ಅವರು ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಯೇ ಅಲ್ಲ! ಪದವಿ ಮುಗಿದಾಗ ಅವರಿಗೆ 21. ಪಾದ್ರಿಯಾಗುವ ಮೊದಲ ದೀಕ್ಷೆಗೆ 23 ತುಂಬಬೇಕಿತ್ತು. ನಡುವಿನ ಆ ಬಿಡುವಿನಲ್ಲಿ ಸ್ವಲ್ಪ ಕಾಲ ಆಕ್ಸ್‌ಫರ್ಡ್‌ನಲ್ಲಿದ್ದರು. ಹೆಸರು ನೋಂದಾಯಿಸಲಿಲ್ಲ, ಸುಮ್ನೆ ನೋಡಿದರು. ಹೊರಗಿನವರ ಕಣ್ಣಿಗೆ ಎಷ್ಟು ಕಾಣುತ್ತದೆ ನೋಡಿ.

1853ರಿಂದ 1857ರವರೆಗೆ ಮೂರು ಭಾಗಗಳಲ್ಲಿ ಬಂದ ಆ ಪುಸ್ತಕದ ನಾಯಕ ಮಿಸ್ಟರ್ ವರ್ಡಂಟ್ ಗ್ರೀನ್. ಇಂಗ್ಲಿಷಿನಲ್ಲಿ ಎರಡೂ ಪದಕ್ಕೆ ಹಸಿರು ಅಂತಲೇ ಅರ್ಥ, ಹೆಸರೇ ಹೇಳುವಂತೆ ಎಳಸು ಹುಡುಗ. ಹಳ್ಳಿಯ ಮನೆಯಿಂದ ನೇರ ಕಾಲೇಜಿಗೆ ಬಂದವನು. ದಪ್ಪ ಕನ್ನಡಕ. ಬೌನ್ಸರ್ ಎಂಬ ಗೆಳೆಯ ಅವನನ್ನು 'ಗಿಗ್‌ಲ್ಯಾಂಪ್ಸ್' ಅಂತಲೇ ಕರೆಯುತ್ತಾನೆ, ಅಂದರೆ ಕುದುರೆಗಾಡಿಯ ದೀಪಗಳು. ಸೀನಿಯರ್‌ಗಳು ಅವನನ್ನು ಯಾಮಾರಿಸುತ್ತಲೇ ಇರುತ್ತಾರೆ. ಚಿತ್ರಗಳನ್ನೂ ಬ್ರಾಡ್ಲಿಯವರೇ ಬರೆದರು. 1870ರ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿದ್ದವು. ಓದುಗರು ಲೇಖಕರನ್ನು ಆಕ್ಸ್‌ಫರ್ಡ್‌ನವರೇ ಅಂದುಕೊಂಡಿದ್ದರೆ ಅಚ್ಚರಿಯಿಲ್ಲ. ಆದರೆ ಮುಖಪುಟದ ಆ ಎರಡು ಹೆಸರು ಡರ್ಹಾಮ್ ವಿಳಾಸವನ್ನೇ ಹೇಳುತ್ತಿದ್ದವು.

1871ರಲ್ಲಿ ಅವರು ರಟ್‌ಲ್ಯಾಂಡ್‌ನ ಸ್ಟ್ರೆಟನ್ ಎಂಬ ಸಣ್ಣ ಊರಿನ ಪಾದ್ರಿಯಾದರು. ಅಲ್ಲಿನ ಚರ್ಚ್ ರಿಪೇರಿಗೆ ದುಡ್ಡು ಬೇಕಿತ್ತು. ಊರೂರು ಸುತ್ತಿ ಹಾಸ್ಯ, ಲಘು ಸಾಹಿತ್ಯದ ಬಗ್ಗೆ ಭಾಷಣ ಮಾಡಿ ಆ ಹಣ ಕೂಡಿಸಿದರು. 1889ರಲ್ಲಿ ತೀರಿಕೊಂಡಾಗ ಅವರು ಲಿಂಕನ್‌ಷೈರ್‌ನ ಲೆಂಟನ್‌ನಲ್ಲಿದ್ದರು. ಮಣ್ಣು ಮಾಡಿದ್ದು ಮಾತ್ರ ಸ್ಟ್ರೆಟನ್ ಚರ್ಚಿನ ಅಂಗಳದಲ್ಲಿ.